ಕಟ್ಟಿದ ಶುಲ್ಕ, ಓಡದ ಓಟ

ಓಟದ ಸ್ಪರ್ಧೆಗೆ ತಿಂಗಳುಗಳ ಮೊದಲೇ ಶುಲ್ಕ ಸಲ್ಲಿಸಿ, ಹೆಸರು ನೋಂದಾಯಿಸಿ, ಆ ದಿನವು ಬಂದೊದಗಿದಾಗ ಓಡಲಾಗದೆ ಮನೆಯಲ್ಲಿಯೇ ಉಳಿಯುವವರು ಪ್ರತಿಯೊಂದು ನಗರದಲ್ಲಿಯೂ ಇದ್ದಾರೆ. ಜ್ವರ, ಕಾಲುನೋವು, ಕಚೇರಿಯ ತುರ್ತು ಕೆಲಸ, ಮನೆಯಲ್ಲಿ ಸಾವುನೋವು, ಮಕ್ಕಳ ಪರೀಕ್ಷೆ, ಹೀಗೆ ಕಾರಣಗಳು ಹಲವು. ಮೇಲ್ನೋಟಕ್ಕೆ ಇದು ಕ್ಷುಲ್ಲಕವಾದ ವಿಷಯವೆಂದೇ ತೋರುವುದು. ಸಾವಿರವೋ ಎರಡು ಸಾವಿರವೋ ರೂಪಾಯಿ ನಷ್ಟವಾದುದಕ್ಕೆ ಒಂದು ಲೇಖನವೇ ಬೇಕೆ ಎಂದು ವಾಚಕರು ಕೇಳಬಹುದು. ಆದರೆ ಆ ಹಣವು ವ್ಯರ್ಥವಾಗಬಾರದೆಂಬ ಒಂದೇ ಕಾರಣದಿಂದ ಜ್ವರದ ಮೈಯಲ್ಲಿ, ಊದಿದ ಮೊಣಕಾಲಿನಲ್ಲಿ ಓಟಕ್ಕಿಳಿಯುವವರೂ ಇದ್ದಾರೆ. ಅವರು ಉಳಿಸಲು ಹೊರಟದ್ದು ಶುಲ್ಕವನ್ನು, ಪಣಕ್ಕಿಟ್ಟದ್ದು ಶರೀರವನ್ನು. ಆದುದರಿಂದ ಇದು ಹಣದ ವಿಷಯವಾಗಿರುವಂತೆಯೇ ಆರೋಗ್ಯದ ವಿಷಯವೂ ಆಗಿದೆ.

ಓಡುವುದು ಒಂದು ಕಾಲದಲ್ಲಿ ಶಾಲೆಯ ಮೈದಾನಕ್ಕೂ ಪೋಲೀಸು ಮತ್ತು ಸೈನ್ಯದ ಭರ್ತಿಗೂ ಸೀಮಿತವಾಗಿದ್ದ ಕಾರ್ಯವಾಗಿತ್ತು. ಪುಣೆಯಲ್ಲಿ 1983ರಲ್ಲಿ ಅಂತರರಾಷ್ಟ್ರೀಯ ಮ್ಯಾರಥಾನ್ ಆರಂಭವಾಯಿತು. 2004ರಲ್ಲಿ ಮುಂಬಯಿಯ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟ, 2012ರಲ್ಲಿ ಸಾತಾರದ ಬೆಟ್ಟದ ಓಟ ಪ್ರಾರಂಭವಾದವು. ಇವುಗಳ ಬೆನ್ನಿಗೆ ಜಿಲ್ಲೆ ತಾಲೂಕುಗಳ ಊರುಗಳಲ್ಲಿಯೂ ಓಟಗಳು ಹುಟ್ಟಿಕೊಂಡವು. ಮಧ್ಯಮ ವರ್ಗದ ಗೃಹಸ್ಥರು, ಗೃಹಿಣಿಯರು, ನಿವೃತ್ತರು ಸಹ ಬೆಳಗಿನ ಜಾವ ಎದ್ದು ಓಡತೊಡಗಿದರು. ರಕ್ತದೊತ್ತಡ, ಮಧುಮೇಹಗಳು ಮನೆಮನೆಯ ಮಾತಾಗಿರುವ ಕಾಲದಲ್ಲಿ ಇದು ಸಂತೋಷದ ಬೆಳವಣಿಗೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಓಟಗಳಿಗೆ ಶುಲ್ಕವುಂಟು. ಆ ಶುಲ್ಕವನ್ನು ಬಹುಪಾಲು ತಿಂಗಳುಗಟ್ಟಲೆ ಮೊದಲೇ ಸಲ್ಲಿಸಬೇಕು. ಜನವರಿಯಲ್ಲಿ ತನ್ನ ಶರೀರದ ಸ್ಥಿತಿ ಹೇಗಿರುವುದೆಂಬುದನ್ನು ಮನುಷ್ಯನು ಹಿಂದಿನ ವರ್ಷದ ಮಳೆಗಾಲದಲ್ಲಿಯೇ ತಿಳಿದವನಂತೆ ಹಣ ಕಟ್ಟುತ್ತಾನೆ. ಎಲ್ಲ ತೊಡಕೂ ಇಲ್ಲಿಂದಲೇ ಆರಂಭವಾಗುತ್ತದೆ.

ಈ ವಿಷಯವನ್ನು ಆಲೋಚಿಸುವವರಿಗೆ ಬಾರಾಮತಿಯು ಒಂದು ಉತ್ತಮ ಪಾಠಶಾಲೆಯಾಗಿದೆ. ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಕರ್ಹಾ ನದಿಯ ದಂಡೆಯ ಮೇಲಿರುವ ಈ ಊರು ಮರಾಠಿಯ ಪಂಡಿತ ಕವಿ ಮೋರೋಪಂತರು ಬಾಳಿದ ಸ್ಥಳ. ನೀರಾ ನದಿಯ ಕಾಲುವೆ, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಕೈಗಾರಿಕಾ ವಸಾಹತುಗಳಿಂದ ಪ್ರಸಿದ್ಧವಾದ ಊರು. ಒಂದು ದಶಕಕ್ಕೂ ಹಿಂದೆ ಇಲ್ಲಿ ನಡೆದ ಮ್ಯಾರಥಾನ್ ಉತ್ಸವದ ಹಿರಿಯ ನಾಗರಿಕರ ಓಟದಲ್ಲಿ ಅರವತ್ತು ದಾಟಿದ ಒಬ್ಬ ಕೂಲಿಕಾರ ಮಹಿಳೆ ಸೀರೆಯುಟ್ಟು ಬರಿಗಾಲಿನಲ್ಲಿ ಓಡಿ ಮೊದಲಿಗರಾದರು. ಅವರ ಹೆಸರು ಲತಾ ಕರೇ. ಕಾಯಿಲೆಯಿಂದಿದ್ದ ಪತಿಗೆ ವೈದ್ಯರು ಸೂಚಿಸಿದ್ದ ಎಂ.ಆರ್.ಐ. ಪರೀಕ್ಷೆಗೆ ಹಣವಿರಲಿಲ್ಲ, ಬಹುಮಾನದ ಹಣ ದೊರೆತರೆ ಪರೀಕ್ಷೆ ಮಾಡಿಸಬಹುದೆಂದು ಆಕೆ ಓಡಿದರು. ಈ ಕಥೆಯನ್ನು ಆಧರಿಸಿ, ಅವರದೇ ಹೆಸರಿನ ಮರಾಠಿ ಚಲನಚಿತ್ರ 2020ರಲ್ಲಿ ತೆರೆಕಂಡಿತು. ಅದರಲ್ಲಿ ಅವರೇ ನಟಿಸಿದರು. 2021ರಲ್ಲಿ ಪ್ರಕಟವಾದ 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರ ಅಭಿನಯಕ್ಕೆ ವಿಶೇಷ ಉಲ್ಲೇಖದ ಗೌರವವೂ ಸಂದಿತು.

ಈ ಘಟನೆಯನ್ನು ಉತ್ಸಾಹದ ಭಾಷಣಗಳಲ್ಲಿ ಹೇಳುವವರು ಅನೇಕರು. ಬರಿಗಾಲಿನ ಆ ವೃದ್ಧೆ ಓಡಬಹುದಾದರೆ, ಬೂಟು ತೊಟ್ಟ ನೀವು ತುಸು ಮೈ ಬೆಚ್ಚಗಾಯಿತೆಂದು ಮಲಗಬಹುದೆ ಎಂಬುದು ಅವರ ಪ್ರಶ್ನೆ. ಆದರೆ ಆಕೆಯ ಓಟದಿಂದ ಕಲಿಯಬೇಕಾದ ಪಾಠ ಇದಲ್ಲ. ಆಕೆ ಓಡಿದ್ದು ಒಂದು ರೋಗಿಷ್ಠ ಶರೀರಕ್ಕೆ ಚಿಕಿತ್ಸೆ ದೊರಕಲೆಂದು. ಅಲ್ಲಿ ಹಣವು ಶರೀರದ ಸೇವೆಗೆ ಬಂದಿತು. ಜ್ವರದಲ್ಲಿ ಓಡುವ ನಗರವಾಸಿಯು ಮಾಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಆತನು ಈಗಾಗಲೇ ಹೋಗಿರುವ ಅಲ್ಪ ಹಣದ ಸೇವೆಗೆ ತನ್ನ ಶರೀರವನ್ನು ಒಪ್ಪಿಸುತ್ತಾನೆ. ಆಕೆಗೆ ಬೇರೆ ದಾರಿಯಿರಲಿಲ್ಲ. ಈತನಿಗೆ ಹಾಸಿಗೆ, ವೈದ್ಯರು, ಔಷಧ ಎಲ್ಲವೂ ಇವೆ. ಬಡತನದ ಅನಿವಾರ್ಯತೆಯನ್ನು ಅನುಕೂಲಸ್ಥರ ಹಟಕ್ಕೆ ಆದರ್ಶವೆಂದು ತೋರಿಸುವುದು ಆ ತಾಯಿಗೆ ಮಾಡುವ ಗೌರವವಲ್ಲ.

ಇನ್ನು ಶುಲ್ಕದ ವಿಚಾರ. ಬಹುತೇಕ ಎಲ್ಲ ಓಟಗಳ ನಿಯಮಾವಳಿಗಳಲ್ಲಿಯೂ, ಸಲ್ಲಿಸಿದ ಶುಲ್ಕವನ್ನು ಹಿಂದಿರುಗಿಸಲಾಗದು, ಸ್ಥಾನವನ್ನು ಬೇರೊಬ್ಬರಿಗೆ ವರ್ಗಾಯಿಸಲಾಗದು ಎಂಬ ಎರಡು ಸಾಲುಗಳಿರುತ್ತವೆ. ಹಣ ಕಟ್ಟುವಾಗ ಇವುಗಳನ್ನು ಓದುವವರು ವಿರಳ. ಕಾಯಿಲೆ ಬಿದ್ದಾಗ ಎಲ್ಲರೂ ಓದುತ್ತಾರೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಆಗ ನೆನಪಾಗುವುದು ಸಹಜ. ಆದರೆ ಇನ್ನೊಂದು ಪಕ್ಷವನ್ನೂ ಕೇಳಬೇಕಾದುದು ನ್ಯಾಯ. ಮದುವೆಯ ಮನೆಯಲ್ಲಿ ಅಡುಗೆಯವರು ಎಲೆಯ ಲೆಕ್ಕ ಹಿಡಿದು ಅಕ್ಕಿ ಬೇಯಿಸುತ್ತಾರೆ. ಬರುವೆನೆಂದವರು ಬಾರದಿದ್ದರೆ ಬೆಂದ ಅನ್ನವು ಮತ್ತೆ ಅಕ್ಕಿಯಾಗುವುದಿಲ್ಲ. ಓಟದ ವ್ಯವಸ್ಥಾಪಕರೂ ಅಂಗಿ, ಪದಕ, ಸಂಖ್ಯಾಪಟ್ಟಿ, ಸಮಯ ಅಳೆಯುವ ಯಂತ್ರ, ನೀರು, ಆಂಬುಲೆನ್ಸು ಇವೆಲ್ಲವನ್ನೂ ತಲೆಯ ಲೆಕ್ಕದಲ್ಲಿ ವಾರಗಳ ಮೊದಲೇ ಗೊತ್ತುಮಾಡಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಿ ಬಾರದವರಿಗೆಲ್ಲ ಪೂರ್ತಿ ಹಣ ಹಿಂದಿರುಗಿಸುವ ಓಟವು ಮರುವರ್ಷ ನಡೆಯುವುದು ಕಷ್ಟ. ನಿಯಮವು ಕಠಿಣವಾದುದು, ಆದರೆ ಅಕಾರಣವಾದುದಲ್ಲ.

ಹಾಗಾದರೆ ಹಣ ಕಟ್ಟಿ ಕಾಯಿಲೆ ಬಿದ್ದವನು ಮಾಡಬೇಕಾದುದೇನು? ಇಲ್ಲಿ ಲೆಕ್ಕಪತ್ರದ ಶಾಸ್ತ್ರವು ಸಹಾಯಕ್ಕೆ ಬರುತ್ತದೆ. ಮುಂದೆ ಯಾವ ದಾರಿ ಹಿಡಿದರೂ ಮರಳಿ ಬಾರದ ಖರ್ಚಿಗೆ ಆ ಶಾಸ್ತ್ರದಲ್ಲಿ ‘ಮುಳುಗಿದ ವೆಚ್ಚ’ ಎಂದು ಹೆಸರು. ಮುಂದಿನ ನಿರ್ಧಾರದಲ್ಲಿ ಅದನ್ನು ಎಣಿಕೆಗೆ ತೆಗೆದುಕೊಳ್ಳಕೂಡದೆಂಬುದು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಕಲಿಸುವ ಮೂಲಪಾಠಗಳಲ್ಲೊಂದು. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಬಾರಾಮತಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗಿಯಾಗಿರುವ ಒಬ್ಬ ಕನ್ನಡಿಗನು ಮುಂಬಯಿಯ ಓಟಕ್ಕೆ 2,000 ರೂಪಾಯಿ ಕಟ್ಟಿದ್ದಾನೆಂದು ಇಟ್ಟುಕೊಳ್ಳಬೇಕು. ಓಟಕ್ಕೆ ಮೂರು ದಿನವಿರುವಾಗ ಜ್ವರ ಬಂದಿತು. ಆತನು ಹೋಗುವುದಾದರೆ ಸುಮಾರು 250 ಕಿಲೋಮೀಟರ್ ಪ್ರಯಾಣದ ವೆಚ್ಚ, ಒಂದು ರಾತ್ರಿಯ ವಸತಿ, ಊಟ ತಿಂಡಿ ಸೇರಿ 5,000 ರೂಪಾಯಿಯಾದೀತು. ರೋಗ ಉಲ್ಬಣಿಸಿದರೆ ಔಷಧದ ಖರ್ಚು, ಕಳೆದುಹೋಗುವ ರಜೆಗಳು ಬೇರೆ. ಹೋಗದಿದ್ದರೆ? ಹೊಸ ಖರ್ಚು ಏನೂ ಇಲ್ಲ. ಆ 2,000 ರೂಪಾಯಿ ಹೋದರೂ ಹೋಯಿತು, ಹೋಗದಿದ್ದರೂ ಹೋಯಿತು. ಎರಡೂ ಅಂಕಣಗಳಲ್ಲಿ ಒಂದೇ ಮೊತ್ತವು ಕಾಣಿಸುವಾಗ ಅದನ್ನು ಹೊಡೆದುಹಾಕಿ ಉಳಿದುದನ್ನು ಹೋಲಿಸಬೇಕು. ಹಾಗೆ ಹೋಲಿಸಿದಾಗ ಮನೆಯಲ್ಲಿ ಮಲಗುವುದೇ ಲಾಭದ ವ್ಯವಹಾರವೆಂದು ಸ್ಪಷ್ಟವಾಗುವುದು. ವಸೂಲಾಗದ ಸಾಲವನ್ನು ವಸೂಲು ಮಾಡಲೆಂದು ಅದೇ ಸಾಲಗಾರನಿಗೆ ಮತ್ತೆ ಸಾಲ ಕೊಡುವ ಬ್ಯಾಂಕು ಉದ್ಧಾರವಾದುದುಂಟೆ?

ಲೆಕ್ಕ ಇಷ್ಟು ಸರಳವಾಗಿದ್ದರೂ ಮನಸ್ಸು ಒಪ್ಪುವುದಿಲ್ಲ. ಈ ದೌರ್ಬಲ್ಯವನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ. ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಅಮೆರಿಕದ ರಿಚರ್ಡ್ ಥೇಲರ್ ಅವರು 1980ರ ತಮ್ಮ ಪ್ರಬಂಧದಲ್ಲಿ ಒಂದು ಉದಾಹರಣೆ ಕೊಟ್ಟರು. ಒಬ್ಬನು ಟೆನಿಸ್ ಕ್ಲಬ್ಬಿಗೆ 300 ಡಾಲರ್ ವಾರ್ಷಿಕ ಶುಲ್ಕ ಕಟ್ಟುತ್ತಾನೆ. ಎರಡೇ ವಾರಗಳಲ್ಲಿ ಮೊಣಕೈ ನೋವು ಬರುತ್ತದೆ. ಆದರೂ ಕಟ್ಟಿದ ಹಣ ವ್ಯರ್ಥವಾಗಬಾರದೆಂದು ನೋವಿನಲ್ಲಿಯೇ ಆಡುತ್ತಾನೆ. ಹಣ ಕಟ್ಟಿದುದಕ್ಕೆ ಪ್ರತಿಯಾಗಿ ಆತನಿಗೆ ದೊರೆತದ್ದು ನೋವು ಮಾತ್ರ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ಓಹಾಯೋ ವಿಶ್ವವಿದ್ಯಾಲಯದ ನಾಟಕಗಳ ಟಿಕೇಟು ಕೊಳ್ಳಲು ಬಂದವರಲ್ಲಿ ಕೆಲವರಿಗೆ ರಿಯಾಯಿತಿ ಕೊಟ್ಟು, ಉಳಿದವರಿಂದ ಪೂರ್ತಿ ಬೆಲೆ ಪಡೆದು ಪರೀಕ್ಷಿಸಿದರು. ಋತುವಿನ ಪೂರ್ವಾರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಹೋದರು. ಉತ್ತರಾರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಎಂದರೆ ತೆತ್ತ ಹಣದ ಒತ್ತಡವೂ ಕಾಲ ಕಳೆದಂತೆ ಮಾಸುತ್ತದೆ. ಆರು ತಿಂಗಳ ಹಿಂದೆ ಹಣ ಕಟ್ಟಿದವನು ಸುಲಭವಾಗಿ ಬಿಟ್ಟಾನು. ಹೋದ ವಾರ ಕಟ್ಟಿದವನು ಬಿಡಲಾರ. ನಷ್ಟವು ಇಬ್ಬರಿಗೂ ಒಂದೇ ಆಗಿರುವಾಗ ಈ ಭೇದವು ಬುದ್ಧಿಯದಲ್ಲ, ಮನಸ್ಸಿನದು ಎಂಬುದನ್ನು ವಿಚಾರವಂತರು ಅರಿಯಬೇಕು.

ಹೊರನಾಡಿನ ಕನ್ನಡಿಗರಲ್ಲಿ ಈ ಪ್ರವೃತ್ತಿಗೆ ಇನ್ನೊಂದು ಬೇರೂ ಇದೆ. ಪುಣೆಯ ಕನ್ನಡ ಸಂಘವು 1918ರಷ್ಟು ಹಿಂದೆಯೇ ಸ್ಥಾಪನೆಯಾದುದೆಂಬುದನ್ನು ನೆನೆದರೆ, ಉದ್ಯೋಗವನ್ನರಸಿ ಕನ್ನಡಿಗರು ಈ ಪ್ರಾಂತಕ್ಕೆ ಎಷ್ಟು ಕಾಲದಿಂದ ಬರುತ್ತಿದ್ದಾರೆಂಬುದು ತಿಳಿದೀತು. ಹಾಗೆ ಬಂದವರು ಕೋಣೆಗಳನ್ನು ಹಂಚಿಕೊಂಡು, ಊರಿಗೆ ಮನಿಯಾರ್ಡರು ಕಳುಹಿಸಿ, ಕಾಸಿಗೆ ಕಾಸು ಕೂಡಿಸಿ ಮನೆ ಕಟ್ಟಿದವರು. ಎಲೆಯಲ್ಲಿ ಬಡಿಸಿದ ಅನ್ನವನ್ನು ಬಿಡಬಾರದು, ಕೊಟ್ಟ ಹಣಕ್ಕೆ ಪ್ರತಿಫಲ ಪಡೆಯದೆ ಬರಬಾರದು ಎಂಬ ಸಂಸ್ಕಾರವು ಅವರ ಮಕ್ಕಳಿಗೂ ಬಂದಿದೆ. ಮಿತವ್ಯಯವು ಸದ್ಗುಣವೇ ಸರಿ. ಆದರೆ ಹೊಟ್ಟೆ ಕೆಟ್ಟಿರುವಾಗಲೂ ಎಲೆಯನ್ನು ಖಾಲಿ ಮಾಡಲೇಬೇಕೆಂಬುದು ಮಿತವ್ಯಯವಲ್ಲ. ಅದು ಅನ್ನವನ್ನು ಉಳಿಸುವುದಿಲ್ಲ, ಆರೋಗ್ಯವನ್ನು ಕಳೆಯುತ್ತದೆ. ಇದರ ಜೊತೆಗೆ ಲೋಕಾಪವಾದದ ಭಯವೂ ಸೇರುತ್ತದೆ. ಓಡುವೆನೆಂದು ಕಚೇರಿಯಲ್ಲಿ, ನೆರೆಹೊರೆಯಲ್ಲಿ, ಬಂಧುಬಳಗದಲ್ಲಿ ಸಾರಿಕೊಂಡಾಗಿರುತ್ತದೆ. ಈಗ ಓಡದಿದ್ದರೆ ನಾಲ್ವರು ಏನೆಂದಾರು? ಆ ನಾಲ್ವರಲ್ಲಿ ಒಬ್ಬನಾದರೂ ಆಸ್ಪತ್ರೆಯ ಹಾಸಿಗೆಯ ಬಳಿ ರಾತ್ರಿ ಕುಳಿತಿರಲು ಬರುವನೆ ಎಂದು ಯೋಚಿಸಿದರೆ ಈ ಭಯವು ತಾನಾಗಿ ಇಳಿದೀತು.

ಶರೀರದ ಪಕ್ಷವನ್ನು ಈಗ ನೋಡಬೇಕು. ಆರೋಗ್ಯವಂತನಿಗೆ ಓಟದಿಂದ ಒದಗುವ ಅಪಾಯ ಬಹಳ ಕಡಿಮೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಪೂರ್ಣ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ ಪಾಲ್ಗೊಂಡ 1 ಕೋಟಿ 9 ಲಕ್ಷ ಓಟಗಾರರಲ್ಲಿ ಹೃದಯಸ್ತಂಭನಕ್ಕೆ ಗುರಿಯಾದವರು 59 ಮಂದಿ, ಅವರಲ್ಲಿ ಮೃತರಾದವರು 42 ಮಂದಿ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಆ 59 ಮಂದಿಯಲ್ಲಿ 51 ಮಂದಿ ಪುರುಷರು. ಅವರ ಸರಾಸರಿ ವಯಸ್ಸು 42. ಆದುದರಿಂದ ಓಟಕ್ಕೆ ಅಂಜಿ ಕುಳಿತುಕೊಳ್ಳಬೇಕಾದ ಕಾರಣವಿಲ್ಲ. ಆದರೆ ರೋಗಪೀಡಿತ ಶರೀರದ ಮಾತು ಬೇರೆ. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೆ ಉರಿಯೂತವನ್ನುಂಟುಮಾಡಬಲ್ಲವು. ಆ ಸ್ಥಿತಿಯಲ್ಲಿ ಕಠಿಣ ಶ್ರಮಪಟ್ಟರೆ ಹೃದಯದ ಬಡಿತವು ಪ್ರಾಣಾಂತಿಕವಾಗಿ ತಾಳ ತಪ್ಪಬಹುದು. ಹಾಗೆ ಹೃದಯಕ್ಕೆ ಉರಿಯೂತವಾದುದು ಖಚಿತವಾದ ಕ್ರೀಡಾಪಟುಗಳಿಗೆ ವೈದ್ಯರು ತಿಂಗಳುಗಟ್ಟಲೆ ಸ್ಪರ್ಧೆಯಿಂದ ದೂರವಿರಲು ಹೇಳುವುದು ಇದೇ ಕಾರಣದಿಂದ. ಅಲ್ಲದೆ, ಜ್ವರದಿಂದ ಮೊದಲೇ ಬಿಸಿಯಾದ ಶರೀರವು ಓಟದ ಶಾಖವನ್ನು ಹೊರಹಾಕಲಾರದೆ ಉಷ್ಣಾಘಾತಕ್ಕೆ ತುತ್ತಾಗಬಹುದು.

ಕ್ರೀಡಾವೈದ್ಯರು ಒಂದು ಸುಲಭ ಸೂತ್ರವನ್ನು ಹೇಳುವುದುಂಟು. ಕತ್ತಿನಿಂದ ಮೇಲೆ ಮಾತ್ರ ಇರುವ ತೊಂದರೆ, ಎಂದರೆ ಸಣ್ಣ ನೆಗಡಿ, ಸೀನು ಇಂಥವುಗಳಿದ್ದರೆ ಹಗುರವಾಗಿ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಉಸಿರಾಟದ ಕಷ್ಟ, ವಾಂತಿ ಭೇದಿಗಳಿದ್ದರೆ ಓಡಕೂಡದು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಪುಣೆಯ ಸುತ್ತಮುತ್ತ ಡೆಂಗಿ, ಚಿಕೂನ್‌ಗುನ್ಯಾಗಳು ಹರಡುವುದನ್ನು ಎಲ್ಲರೂ ಬಲ್ಲರು. ಚಿಕೂನ್‌ಗುನ್ಯಾದ ಕೀಲುನೋವು ವಾರಗಳು, ಕೆಲವೊಮ್ಮೆ ತಿಂಗಳುಗಳವರೆಗೆ ಉಳಿಯಬಹುದು. ಡೆಂಗಿಯ ಆಯಾಸವೂ ಜ್ವರ ಬಿಟ್ಟೊಡನೆ ಹೋಗುವುದಿಲ್ಲ. ಚಳಿಗಾಲದ ಓಟಗಳಿಗೆ ಅಭ್ಯಾಸ ನಡೆಯುವುದೂ ಇದೇ ತಿಂಗಳುಗಳಲ್ಲಿ. ನೋವುನಿವಾರಕ ಗುಳಿಗೆಯನ್ನು ನುಂಗಿ ಓಡಿಬಿಡುವೆನೆಂಬುದು ಇನ್ನೂ ಅಪಾಯದ ಉಪಾಯ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ಗುಳಿಗೆಗಳು ಬೆವರಿ ನೀರು ಕಳೆದುಕೊಂಡ ಶರೀರದಲ್ಲಿ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ಡೆಂಗಿಯಿದ್ದರೆ ರಕ್ತಸ್ರಾವದ ಭಯವೂ ಉಂಟು. ನೋವು ಎಂಬುದು ಶರೀರವು ಬರೆದ ಪತ್ರ. ಗುಳಿಗೆಯು ಪತ್ರವನ್ನು ಹರಿದುಹಾಕುತ್ತದೆಯೇ ಹೊರತು ಅದರಲ್ಲಿನ ಸಂಗತಿಯನ್ನು ಸುಳ್ಳಾಗಿಸುವುದಿಲ್ಲ.

ಶುಲ್ಕವನ್ನು ಉಳಿಸಲು ಕೆಲವರು ಹಿಡಿಯುವ ಮತ್ತೊಂದು ದಾರಿಯೆಂದರೆ ತಮ್ಮ ಸಂಖ್ಯಾಪಟ್ಟಿಯನ್ನು ಸ್ನೇಹಿತನಿಗೆ ಕೊಟ್ಟು ಓಡಿಸುವುದು. ಸ್ನೇಹದಿಂದ ಮಾಡಿದ ಕಾರ್ಯವಾದರೂ ಇದು ಸರಿಯಲ್ಲ. ಆ ಸಂಖ್ಯೆಯ ಹಿಂದೆ ಓಟಗಾರನ ಹೆಸರು, ವಯಸ್ಸು, ಅನೇಕ ಕಡೆ ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಇವೆಲ್ಲ ದಾಖಲಾಗಿರುತ್ತವೆ. ದಾರಿಯಲ್ಲಿ ಸ್ನೇಹಿತನು ಪ್ರಜ್ಞೆ ತಪ್ಪಿ ಬಿದ್ದರೆ ವೈದ್ಯರ ಕೈಗೆ ದೊರೆಯುವುದು ಬೇರೊಬ್ಬನ ಜಾತಕ. ದೂರವಾಣಿ ಬರುವುದೂ ಬೇರೊಂದು ಮನೆಗೆ. ಐವತ್ತರ ಹಿರಿಯನ ಹೆಸರಿನಲ್ಲಿ ಇಪ್ಪತ್ತೈದರ ಯುವಕನು ಓಡಿದರೆ ಆ ವಯೋವರ್ಗದಲ್ಲಿ ಪ್ರಾಮಾಣಿಕವಾಗಿ ಓಡಿದವರಿಗೆ ಅನ್ಯಾಯವೂ ಆಗುವುದು. ಬೇರೆಯವರ ಸಹಿ ಹಾಕಿ ಹಣ ತೆಗೆಯುವುದು ಬ್ಯಾಂಕಿನಲ್ಲಿ ಅಪರಾಧವಾದರೆ, ಬೇರೆಯವರ ಸಂಖ್ಯೆ ತೊಟ್ಟು ಓಡುವುದು ಬೀದಿಯಲ್ಲಿ ಸೌಜನ್ಯವಾಗಲಾರದು.

ಇಷ್ಟನ್ನೂ ಓದಿದ ಸೋಮಾರಿಯು, ತನಗೆ ಒಳ್ಳೆಯ ನೆಪ ದೊರೆಯಿತೆಂದು ಹಿಗ್ಗಬೇಕಾಗಿಲ್ಲ. ಮುಂಗಡವಾಗಿ ಕಟ್ಟಿದ ಶುಲ್ಕಕ್ಕೂ ಒಂದು ಪ್ರಯೋಜನವಿದೆ. ಡಿಸೆಂಬರಿನ ಚಳಿಯಲ್ಲಿ ಹೊದಿಕೆಯನ್ನು ಸರಿಸಿ ಏಳುವಂತೆ ಮಾಡುವುದು ಎಷ್ಟೋ ಸಲ ಆ ಕಟ್ಟಿದ ಹಣವೇ. ಆರು ತಿಂಗಳು ತಪ್ಪದೆ ಅಭ್ಯಾಸ ಮಾಡಿಸಿದ್ದರೆ, ಓಟದ ದಿನ ಓಡಲಾಗದಿದ್ದರೂ ಶುಲ್ಕವು ತನ್ನ ಕೆಲಸ ಮಾಡಿದೆಯೆಂದೇ ತಿಳಿಯಬೇಕು. ಕರಗಿದ ಕೊಬ್ಬು, ಇಳಿದ ರಕ್ತದೊತ್ತಡ, ಬಂದ ನಿದ್ರೆ ಇವುಗಳನ್ನು ಯಾವ ವ್ಯವಸ್ಥಾಪಕರೂ ಹಿಂದಕ್ಕೆ ಪಡೆಯಲಾರರು. ಆದರೆ ವರ್ಷಕ್ಕೆ ಎಂಟು ಹತ್ತು ಓಟಗಳಿಗೆ ಹೆಸರು ಕೊಟ್ಟು, ಅಭ್ಯಾಸವಿಲ್ಲದೆ, ಎರಡಕ್ಕೆ ಹೋಗಿ ಉಳಿದವುಗಳ ಅಂಗಿಗಳನ್ನು ಮಾತ್ರ ತೊಟ್ಟು ತಿರುಗುವವರ ರೋಗಕ್ಕೆ ಔಷಧವೇ ಬೇರೆ. ಅಂಥವರು ಹೆಸರು ಕೊಡುವುದನ್ನು ಕಡಿಮೆ ಮಾಡಬೇಕು. ಕಾಯಿಲೆಯಿಂದ ತಪ್ಪಿದ ಓಟಕ್ಕೂ ಆಲಸ್ಯದಿಂದ ತಪ್ಪಿಸಿದ ಓಟಕ್ಕೂ ಇರುವ ಅಂತರವು ಅವರವರ ಅಂತಃಸಾಕ್ಷಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಾಯೋಗಿಕವಾಗಿ ಕೆಲವು ಮಾತುಗಳನ್ನು ಹೇಳಬಹುದು. ಶುಲ್ಕ ಕಟ್ಟಿದ ದಿನವೇ ಅದನ್ನು ಮನೆಯ ಖರ್ಚಿನ ಪುಸ್ತಕದಲ್ಲಿ ಪೂರ್ತಿ ಖರ್ಚೆಂದು ಬರೆದು ಮುಗಿಸಬೇಕು. ಓಡುವ ಬಿಡುವ ತೀರ್ಮಾನವನ್ನು ಹಿಂದಿನ ದಿನ ಸಂಜೆಯೊಳಗೆ, ಸಾಧ್ಯವಾದರೆ ವೈದ್ಯರನ್ನೂ ಮನೆಯವರನ್ನೂ ಕೇಳಿ ಮಾಡಬೇಕು. ಬೆಳಗಿನ ಜಾವದ ವಾದ್ಯಘೋಷದ ನಡುವೆ ಮಾಡಿದ ತೀರ್ಮಾನವು ಬುದ್ಧಿಯದಾಗಿರುವುದಿಲ್ಲ. ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ಈ ಓಟವು ಉಚಿತವಾಗಿದ್ದರೆ, ಈ ಸ್ಥಿತಿಯಲ್ಲಿ ಓಡುತ್ತಿದ್ದೆನೆ?’ ಇಲ್ಲವೆಂದು ಉತ್ತರ ಬಂದರೆ ಆತನನ್ನು ಓಡಿಸುತ್ತಿರುವುದು ಕಾಲುಗಳಲ್ಲ, ರಸೀದಿ. ‘ಜೀವ ಇದ್ದರೆ ಬೆಲ್ಲ ಬೇಡಿ ತಿಂದೇನು’ ಎಂಬ ಹಿರಿಯರ ಮಾತು ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ವ್ಯವಸ್ಥಾಪಕರ ಕರ್ತವ್ಯವೂ ಇಲ್ಲಿಗೆ ಮುಗಿಯುವುದಿಲ್ಲ. 2012ರ ನವೆಂಬರಿನಲ್ಲಿ ಚಂಡಮಾರುತದ ನಿಮಿತ್ತ ನ್ಯೂಯಾರ್ಕ್ ಮ್ಯಾರಥಾನ್ ರದ್ದಾದಾಗ, ನಿಯಮಾವಳಿಯಲ್ಲಿ ಹಣ ಹಿಂದಿರುಗಿಸುವ ಮಾತಿಲ್ಲದಿದ್ದರೂ ಜನರ ಅಸಮಾಧಾನವನ್ನು ಕಂಡು, ಹಣ ಬೇಕಾದವರಿಗೆ ಹಣವನ್ನೂ ಉಳಿದವರಿಗೆ ಮುಂದಿನ ವರ್ಷಗಳ ಓಟದಲ್ಲಿ ಸ್ಥಾನವನ್ನೂ ಕೊಡಲು ಅವರು ಒಪ್ಪಿದರು. 2020ರಲ್ಲಿ ಸಾಂಕ್ರಾಮಿಕದಿಂದ ಬಾಸ್ಟನ್ ಮ್ಯಾರಥಾನ್ ತನ್ನ ಇತಿಹಾಸದಲ್ಲಿ ಮೊದಲ ಸಲ ರದ್ದಾದಾಗಲೂ ಶುಲ್ಕವನ್ನು ಮರಳಿಸಲಾಯಿತು. ಗರ್ಭಿಣಿಯರ ಸ್ಥಾನವನ್ನು ಮುಂದಿನ ವರ್ಷಗಳಿಗೆ ಕಾಯ್ದಿಡುವ ನಿಯಮವನ್ನು ಲಂಡನ್ ಮತ್ತು ಬಾಸ್ಟನ್‌ಗಳ ಓಟಗಳು ಇತ್ತೀಚೆಗೆ ಅಳವಡಿಸಿಕೊಂಡಿವೆ. ಈ ದೇಶದ ಓಟಗಳೂ, ಅಲ್ಲಲ್ಲಿ ಆರೋಗ್ಯ ನಡಿಗೆ, ಓಟಗಳನ್ನು ಏರ್ಪಡಿಸುವ ಸಂಘ ಸಂಸ್ಥೆಗಳೂ ಇಷ್ಟನ್ನು ಮಾಡಬಹುದು: ವೈದ್ಯರ ಪತ್ರ ತಂದವರಿಗೆ ಮುಂದಿನ ವರ್ಷ ಅರ್ಧ ಶುಲ್ಕದಲ್ಲಿ ಸ್ಥಾನ ಕೊಡುವುದು, ಅಂಗಿ, ಪದಕಗಳಿಗೆ ಲೆಕ್ಕ ಕೊಡುವ ಮುನ್ನ ಒಂದು ಗಡುವು ಗೊತ್ತುಮಾಡಿ, ಅದರೊಳಗೆ ಹಿಂದೆಗೆದವರ ಸ್ಥಾನವನ್ನು ಸರದಿಯಲ್ಲಿರುವವರಿಗೆ ಕ್ರಮಬದ್ಧವಾಗಿ ವರ್ಗಾಯಿಸುವುದು. ರೋಗಿಯು ಓಡದಿರುವುದಕ್ಕೆ ಸ್ವಲ್ಪವಾದರೂ ಅನುಕೂಲ ದೊರೆತರೆ, ಓಟದ ದಾರಿಯಲ್ಲಿ ಕಾಯುವ ಆಂಬುಲೆನ್ಸಿನ ಕೆಲಸವೂ ಕಡಿಮೆಯಾದೀತು.

ಪ್ರತಿ ವರ್ಷ ಆಷಾಢದ ಏಕಾದಶಿಗೆ ಮುನ್ನ ದೇಹುವಿನಿಂದ ಪಂಢರಪುರಕ್ಕೆ ಹೊರಡುವ ಸಂತ ತುಕಾರಾಮರ ಪಾಲಖಿಯು ಬಾರಾಮತಿಯಲ್ಲಿ ತಂಗಿ ಮುಂದೆ ಸಾಗುತ್ತದೆ. ಅದಕ್ಕೆ ಶುಲ್ಕವಿಲ್ಲ, ಸಂಖ್ಯಾಪಟ್ಟಿಯಿಲ್ಲ. ನಡೆಯಲಾರದವರು ದಾರಿಯ ಬದಿಯಲ್ಲಿ ನಿಂತು ನಡೆಯುವವರಿಗೆ ನೀರು, ಫಲಾಹಾರ ಕೊಟ್ಟು ಧನ್ಯರಾಗುತ್ತಾರೆ. ಅವರು ಯಾತ್ರೆಯನ್ನು ಕಳೆದುಕೊಂಡರೆಂದು ಯಾರೂ ಹೇಳುವುದಿಲ್ಲ. ಓಟ ತಪ್ಪಿಸಿಕೊಂಡವರೂ, ಹೊರಗೆ ಬರುವಷ್ಟು ಚೇತರಿಸಿಕೊಂಡಿದ್ದರೆ, ಆ ಬೆಳಿಗ್ಗೆ ಮನೆಯಲ್ಲಿ ಕೊರಗುತ್ತ ಕೂಡುವ ಬದಲು ರಸ್ತೆಯ ಬದಿಗೆ ಬಂದು ಓಡುವವರ ಕೈಗೆ ಒಂದು ಲೋಟ ನೀರು ಕೊಡಬಹುದು. ಜ್ವರವು ಪೂರ್ತಿ ಬಿಟ್ಟು ಮೈಗೆ ಕಸುವು ಬಂದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮೊದಲು ನಡಿಗೆಯಿಂದ ತೊಡಗಿ ಮತ್ತೆ ಅಭ್ಯಾಸಕ್ಕೆ ಹೊರಡಬೇಕು. ಮುಂದಿನ ವರ್ಷದ ಓಟಕ್ಕೆ ಹೆಸರು ಕೊಡುವ ಗಡುವು ಹೇಗೂ ಮಳೆಗಾಲದಲ್ಲಿ ಮತ್ತೆ ಬಂದೇ ಬರುವುದು.